ಗೋಡೆ ಕೆರೆಯುವ ಕೈಪಿಡಿ

ಈ ಕೈಪಿಡಿ ಕುಂದಾಪುರದಿಂದ ಮಂಗಳೂರಿನವರೆಗೆ, ಸಮುದ್ರದ ಗಾಳಿ ತಾಗುವ ಯಾವುದೇ ಮನೆಯ ಹೊರಗೋಡೆಗೆ ಅನ್ವಯಿಸುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆಂದು ಲೆಕ್ಕ ಹಿಡಿದು ಇದನ್ನು ಬರೆಯಲಾಗಿದೆ. ಬೆಂಗಳೂರಿನವರು ಮಳೆಯ ಮಾತು ಬಂದಲ್ಲೆಲ್ಲ ನಾಲ್ಕರಿಂದ ಭಾಗಿಸಿ ಓದಿಕೊಳ್ಳಬೇಕು. ಆಗುಂಬೆಯವರು ಹತ್ತಿರಹತ್ತಿರ ಎರಡರಿಂದ ಗುಣಿಸಿಕೊಳ್ಳಬೇಕು. ಗೋಡೆ ಕೆಂಪುಕಲ್ಲಿನದು, ಕಲ್ಲಿನ ಮೇಲೆ ಸಾರಣೆ ಇದೆ, ಸಾರಣೆಯ ಮೇಲೆ ಕನಿಷ್ಠ ಮೂರು ತಲೆಮಾರಿನ ಬಣ್ಣ ಇದೆ, ಅದರಲ್ಲಿ ಈಚಿನ ತಲೆಮಾರು ಎದ್ದು ನಿಂತಿದೆ ಎಂದು ಭಾವಿಸಲಾಗಿದೆ.

ಬಣ್ಣ ಹಚ್ಚುವುದು ಹೇಗೆಂದು ಇದರಲ್ಲಿ ಎಲ್ಲಿಯೂ ಇಲ್ಲ. ಅದು ಯಾರಿಗೂ ಬರುವ ಕೆಲಸ.

ಯಾವಾಗ ಆರಂಭಿಸಬೇಕು

ಬಣ್ಣ ಬೇಕೆಂದು ಗೋಡೆ ತಾನಾಗಿ ಹೇಳಿದ ಉದಾಹರಣೆ ಕಡಿಮೆ. ಮಗಳ ಮದುವೆ ಹೇಳುತ್ತದೆ, ನಾಗಪ್ರತಿಷ್ಠೆ ಹೇಳುತ್ತದೆ, ಮುಂಬೈಯಿಂದ ಬರಲಿರುವ ಚಿಕ್ಕಪ್ಪ ಫೋನಿನಲ್ಲಿ ಹೇಳುತ್ತಾರೆ. ಹಾಗಾಗಿ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಬಣ್ಣ ಬೀಳುವುದು ಮುಹೂರ್ತಕ್ಕೆ ಹಿಂದಿನ ಎರಡು ವಾರಗಳಲ್ಲಿ, ಚಪ್ಪರದವನು ಕಂಬ ಊರುವ ಹೊತ್ತಿಗೆ. ಎರಡು ವಾರದಲ್ಲಿ ಬಳಿಯಬಹುದು. ಕೆರೆದು, ತೊಳೆದು, ಒಣಗಿಸಿ, ಬಿರುಕು ತುಂಬಿ, ತುಂಬಿದ್ದು ಗಟ್ಟಿಯಾಗುವವರೆಗೆ ಕಾದು ಬಳಿಯಲು ಆಗುವುದಿಲ್ಲ.

ಮದುವೆ ಮೇ ತಿಂಗಳಲ್ಲಿದ್ದರೆ ಗೋಡೆಯ ಕೆಲಸ ಡಿಸೆಂಬರಿನಲ್ಲಿ ಶುರುವಾಗಬೇಕು. ಚಿತ್ತೆ, ಸ್ವಾತಿ ಮಳೆ ಮುಗಿಯಲಿ. ನಾಲ್ಕು ತಿಂಗಳು ಕುಡಿದ ನೀರನ್ನು ಕಲ್ಲು ಹೊರಗೆ ಬಿಡಲು ಆಮೇಲೂ ಕೆಲವು ವಾರಗಳ ಬಿಸಿಲು ಬೇಕು. ಹುಡುಗನ ಕಡೆಯವರು ಇನ್ನೂ ಒಪ್ಪಿಗೆ ಹೇಳಿಲ್ಲ, ಈಗಲೇ ಗೋಡೆ ಕೆರೆಯುವುದೇ ಎಂದು ಕೇಳುವವರಿದ್ದಾರೆ. ಹೌದು, ಈಗಲೇ. ಒಪ್ಪಿಗೆಗೂ ಗೋಡೆಯ ತೇವಕ್ಕೂ ಸಂಬಂಧವಿಲ್ಲ.

ಬೇಕಾಗುವ ಸಾಮಾನು

ಅಗಲದ ಪಟ್ಟಿ, ತಂತಿಯ ಬ್ರಷ್ಷು, ಅಂಚು ಸವೆದ ಹಳೆ ಕರಣೆ, ಸುತ್ತಿಗೆ, ಉಳಿ, ಉಪ್ಪು ಕಾಗದ, ನಾರಿನ ಬ್ರಷ್ಷು, ನೀರಿನ ಪೈಪು, ಬ್ಲೇಡು, ಸೆಲ್ಲೋಟೇಪು, ಪ್ಲಾಸ್ಟಿಕ್ ಹಾಳೆ, ಒಂದು ನಾಣ್ಯ. ಕೊನೆಯ ನಾಲ್ಕು ಪರೀಕ್ಷೆಗೆ. ಇವನ್ನು ಕೇಳಿದರೆ ಪೇಂಟರ್ ನಗುತ್ತಾರೆ, ನಗಲಿ.

ಮೂಗಿಗೆ ಎನ್-95 ಮಾಸ್ಕ್. ಕೋವಿಡ್ ಕಾಲದಲ್ಲಿ ತಂದು ಕಪಾಟಿನಲ್ಲಿ ಉಳಿದದ್ದಿದ್ದರೆ ಅದರ ಋಣ ಈಗ ತೀರಲಿ. ತಲೆಗೆ ಸುತ್ತಿದ ಬೈರಾಸನ್ನು ಮೂಗಿನ ಮೇಲೆ ಎಳೆದುಕೊಂಡರೆ ಸಾಕೆಂಬುದು ಇಲ್ಲಿನ ವೃತ್ತಿಪರರ ದೃಢವಾದ ನಂಬಿಕೆ. ಸಾರಣೆಯ ಧೂಳಿನಲ್ಲಿರುವ ಮರಳಿನ ನುಣ್ಣನೆಯ ಕಣಕ್ಕೆ ಆ ನಂಬಿಕೆಯ ಪರಿಚಯವಿಲ್ಲ. ಅದು ನೇಯ್ಗೆಯಲ್ಲಿ ಸಲೀಸಾಗಿ ನುಸುಳಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಅಲ್ಯೂಮಿನಿಯಂ ಏಣಿ ಹಗುರ, ಹೊತ್ತು ತಿರುಗಲು ಸುಲಭ. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರಿಗೆ ಅದು ತಾಗಿದರೆ ಕೈಪಿಡಿಯ ಉಳಿದ ಭಾಗವನ್ನು ಓದುವ ಅಗತ್ಯ ಬರುವುದಿಲ್ಲ. ಸಾರವೆ ಕಟ್ಟಿಸಿ. ಬಿದಿರಿನದೋ ಅಡಿಕೆ ಮರದ್ದೋ ಆಗಬಹುದು. “ಸಾರವೆ ಎಂತಕ್ಕೆ ಅಣ್ಣ, ಏಣಿಯಲ್ಲೇ ಮಾಡ್ತೇವೆ” ಎಂಬ ಮಾತಿಗೆ ಒಪ್ಪಬೇಡಿ. ಏಣಿಯಲ್ಲಿ ನಿಂತವರ ಒಂದು ಕೈ ಏಣಿಗೆ ಮೀಸಲು. ಉಳಿದ ಒಂದು ಕೈಯಲ್ಲಿ ಬಳಿಯಬಹುದು, ಬಲ ಹಾಕಿ ಕೆರೆಯಲಾಗುವುದಿಲ್ಲ. ಎರಡಂತಸ್ತಿನ ಮನೆಗಳಲ್ಲಿ ಬಣ್ಣ ಮೊದಲು ಏಳುವುದು ಕೈಗೆ ಸಿಗದ ಎತ್ತರದಲ್ಲಿ ಏಕೆಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಪೇಂಟರ್ ಜೊತೆ ಮಾತುಕತೆ

ಪೇಂಟರ್ ಬಂದು ಮನೆಗೆ ಒಂದು ಸುತ್ತು ಹಾಕುತ್ತಾರೆ. ಗೋಡೆಯನ್ನು ಮುಟ್ಟುವುದಿಲ್ಲ. ಚದರಡಿಗೆ ಇಷ್ಟು ಎನ್ನುತ್ತಾರೆ.

“ಕೆರೆಯುವುದೆಲ್ಲ ಸೇರಿಯಾ?” ಎಂದು ನೀವು ಕೇಳಬೇಕು.

“ಸೇರಿಯೇ ಅಣ್ಣ. ಒಂದು ಕೈ ಕೆರೆದು, ಪ್ರೈಮರ್ ಹಾಕಿ, ಎರಡು ಕೋಟು. ಫಸ್ಟ್ ಕ್ಲಾಸ್ ಆಗ್ತದೆ.”

“ಈ ಮೂಲೆಯಲ್ಲಿ ಪೂರ್ತಿ ಎದ್ದಿದೆಯಲ್ಲ ಮಾರಾಯ್ರೆ?”

“ಅದು ಎಂತ ಇಲ್ಲ. ಪುಟ್ಟಿ ಎಳೆದ್ರೆ ಕಾಣುದೇ ಇಲ್ಲ.”

ಅವರು ಸುಳ್ಳು ಹೇಳುತ್ತಿಲ್ಲ. ಪುಟ್ಟಿ ಎಳೆದರೆ ನಿಜಕ್ಕೂ ಕಾಣುವುದಿಲ್ಲ, ಜೂನ್ ತಿಂಗಳವರೆಗೆ. ಇಲ್ಲಿ ಕೆಟ್ಟಿರುವುದು ಮನುಷ್ಯರಲ್ಲ, ಲೆಕ್ಕ. ಚದರಡಿಗೆ ಕೆಲಸ ಹಿಡಿದವರಿಗೆ ದುಡ್ಡು ಹುಟ್ಟುವುದು ರೋಲರ್ ಓಡಿದಾಗ. ಕೆರೆಯುವ ದಿನ ಒಂದು ಚದರಡಿಯೂ ಮುಂದೆ ಹೋಗುವುದಿಲ್ಲ. ಬೆಳಿಗ್ಗೆ ಒಂದಿಷ್ಟು ಬಣ್ಣ ಉಳಿದಿದ್ದ ಗೋಡೆ ಸಂಜೆಗೆ ತೊನ್ನು ಹಿಡಿದು ನಿಂತಿರುತ್ತದೆ. ಮನೆಯವರು ಅಂಗಳಕ್ಕೆ ಬಂದು “ಇವತ್ತು ಎಂತ ಮಾಡಿದ್ದು?” ಎಂದು ಕೇಳುತ್ತಾರೆ. ಬಣ್ಣದ ಬಕೆಟ್ಟಿನೊಳಗಿನ ಟೋಕನ್ನು, ಅಂಗಡಿಯವರು ಬರೆದುಕೊಳ್ಳುವ ಪಾಯಿಂಟು, ವರ್ಷದ ಕೊನೆಗೆ ಸಿಗುವ ಉಡುಗೊರೆ, ಎಲ್ಲವೂ ಬಳಿದ ಬಣ್ಣಕ್ಕೆ. ಕೆರೆದು ಕೆಳಗೆ ಬಿದ್ದ ಹುಡಿಗೆ ಪಾಯಿಂಟು ಕೊಡುವ ಕಂಪನಿ ಇನ್ನೂ ಹುಟ್ಟಿಲ್ಲ.

ಆದ್ದರಿಂದ ಕೈಪಿಡಿಯ ಸೂಚನೆ ಹೀಗಿದೆ. ಕೆರೆಯಲು, ತೊಳೆಯಲು, ಬಿರುಕು ತುಂಬಲು ದಿನದ ಸಂಬಳ ಬೇರೆ ಮಾತಾಡಿ. ಬಳಿಯುವುದಕ್ಕೆ ಮಾತ್ರ ಚದರಡಿ. ಒಟ್ಟು ಮೊತ್ತ ಏರುತ್ತದೆ. ಮನೆಯಲ್ಲಿ ಅದನ್ನು ವಿವರಿಸುವುದು ಹೇಗೆಂದು ಹೇಳುವ ಶಕ್ತಿ ಈ ಕೈಪಿಡಿಗಿಲ್ಲ.

ಡಬ್ಬಿಯ ಮೇಲಿನ ಏಳು ವರ್ಷ, ಹತ್ತು ವರ್ಷಗಳ ವಾರಂಟಿಯನ್ನು ತೋರಿಸಿ ಯಾರಾದರೂ ನಿಮಗೆ ಧೈರ್ಯ ಹೇಳಬಹುದು. ಕೆಳಗಿನ ಸಣ್ಣಕ್ಷರ ಓದಿ. ಗೋಡೆಯ ತೇವ, ಉಪ್ಪು, ಸಾರಣೆಯ ಬಿರುಕು, ಸರಿಯಾಗಿ ಸಿದ್ಧ ಮಾಡದ ಮೇಲ್ಮೈ, ಇವೆಲ್ಲ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಬಣ್ಣ ಉದುರಲು ಇರುವ ಕಾರಣಗಳನ್ನೆಲ್ಲ ಒಂದೊಂದಾಗಿ ಹೊರಗಿಟ್ಟು, ಉಳಿದದ್ದಕ್ಕೆ ಹತ್ತು ವರ್ಷ.

ಗೋಡೆಯ ವಂಶಾವಳಿ

ಹೊಸ ಬಣ್ಣ ಗೋಡೆಗೆ ಅಂಟುತ್ತದೆಂಬ ಭ್ರಮೆ ಮೊದಲು ಹೋಗಬೇಕು. ಹೊಸ ಬಣ್ಣ ಗೋಡೆಯ ಮುಖವನ್ನೇ ನೋಡಿರುವುದಿಲ್ಲ. ಅದು ಅಂಟುವುದು ಹಿಂದಿನ ಬಣ್ಣಕ್ಕೆ, ಆ ಬಣ್ಣ ಅದರ ಹಿಂದಿನದಕ್ಕೆ. ಕೆಳಗಿನವರಲ್ಲಿ ಒಬ್ಬ ಕೈಬಿಟ್ಟರೆ ಮೇಲಿನವರೆಲ್ಲರೂ ಅಂಗಳಕ್ಕೆ.

ಎಲ್ಲರಿಗಿಂತ ಅಡಿಯಲ್ಲಿ ಕೆಂಪುಕಲ್ಲು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಪ್ರವಾಸ ಕಥನದಲ್ಲಿ ಈ ಕಲ್ಲಿನ ಗುಣ ಬರೆದಿದ್ದಾನೆ: ನೆಲದಲ್ಲಿರುವಾಗ ಕಬ್ಬಿಣದ ಹತಾರಿಗೆ ಸುಲಭವಾಗಿ ಕೊಯ್ಯಲು ಬರುವಷ್ಟು ಮೆದು, ಹೊರಗೆ ತೆಗೆದು ಗಾಳಿಗೆ ಇಟ್ಟರೆ ಇಟ್ಟಿಗೆಯಷ್ಟು ಗಟ್ಟಿ, ಮೈತುಂಬ ತೂತು. ಆ ತೂತುಗಳ ಮೇಲೆ ಬಣ್ಣ ನಿಲ್ಲಿಸುವ ಜವಾಬ್ದಾರಿ ಅವನ ಮೇಲೆ ಬರಲಿಲ್ಲ.

ಅದರ ಮೇಲೆ ಅಜ್ಜನ ಕಾಲದ ಸುಣ್ಣ. ಹೊಳೆಯ ಅಳಿವೆಯಲ್ಲಿ ಹೆಕ್ಕಿದ ಚಿಪ್ಪು ಸುಟ್ಟು ಮಾಡಿದ್ದು. ಸುಟ್ಟ ಚಿಪ್ಪು ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಮತ್ತೆ ಚಿಪ್ಪಿನ ಪದಾರ್ಥವೇ. ಈ ಪದರ ನೀರನ್ನು ಒಳಗೂ ಬಿಡುತ್ತದೆ, ಹೊರಗೂ ಬಿಡುತ್ತದೆ. ಸ್ವಲ್ಪ ಉದುರುತ್ತದೆ. ದೀಪಾವಳಿಗೆ ಮುಂಚೆ ಒಂದಿಷ್ಟು ನೀಲಿ ಬೆರೆಸಿ ಮತ್ತೆ ಬಳಿದರೆ ಆಯಿತು. ಉದುರುವುದು ಅದರ ಸ್ವಭಾವವೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಅದರ ಮೇಲೆ ಸಿಟ್ಟಾಗುತ್ತಿರಲಿಲ್ಲ.

ಆಮೇಲೆ ಅಪ್ಪನ ಕಾಲದ ಸಿಮೆಂಟ್ ಪೇಂಟು. ಬಿಳಿ ಸಿಮೆಂಟಿಗೆ ಬಣ್ಣ ಸೇರಿಸಿದ ಹುಡಿ. ಗೋಡೆಯನ್ನು ಒದ್ದೆ ಮಾಡಿ ಬಳಿಯಬೇಕು, ಕಲಸಿದ್ದನ್ನು ಕೆಲವು ಗಂಟೆಗಳೊಳಗೆ ಮುಗಿಸಬೇಕು, ಬಳಿದ ಮೇಲೂ ಸಿಮೆಂಟಿನ ಕೆಲಸಕ್ಕೆ ಮಾಡುವ ಕ್ರಮದಲ್ಲೇ ನೀರು ಚಿಮುಕಿಸಿ ಕ್ಯೂರಿಂಗ್ ಮಾಡಬೇಕು. ಬಣ್ಣಕ್ಕೆ ನೀರು ಹೊಯ್ಯುವುದೆಂದರೆ ನಮ್ಮವರಿಗೆ ತಮಾಷೆಯ ಮಾತಾದ್ದರಿಂದ ಕೊನೆಯದನ್ನು ಹೆಚ್ಚಿನವರು ಮಾಡಲಿಲ್ಲ. ಕ್ಯೂರಿಂಗ್ ಕಾಣದ ಸಿಮೆಂಟ್ ಪೇಂಟು ವರ್ಷಗಳುರುಳಿದ ಮೇಲೆ ಮತ್ತೆ ಹುಡಿಯಾಗುತ್ತದೆ. ಗೋಡೆಗೆ ಒರಗಿ ಮಾತಾಡಿ ಎದ್ದ ನೆಂಟರ ಅಂಗಿಯ ಬೆನ್ನಿನಲ್ಲಿ ಮನೆಯ ಬಣ್ಣ ಇರುವುದು ಇದರಿಂದಲೇ.

ಅದರ ಮೇಲೆ ನಿಮ್ಮ ಎಮಲ್ಷನ್. ಇದು ಒಣಗಿದರೆ ತೆಳುವಾದ ಪ್ಲಾಸ್ಟಿಕ್ ಪೊರೆ. ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಅಡಿಯ ಪದರವನ್ನು ಎಳೆಯುತ್ತದೆ. ಗಟ್ಟಿ ಸಾರಣೆಯಾದರೆ ಎಳೆತ ತಡೆದುಕೊಳ್ಳುತ್ತದೆ. ಇಲ್ಲಿ ಅಡಿಯಲ್ಲಿರುವುದು ಹುಡಿಯಾದ ಸಿಮೆಂಟ್ ಪೇಂಟು, ಅದರಡಿ ಸಡಿಲ ಸುಣ್ಣ. ಸಾಲದ್ದಕ್ಕೆ ಕಲ್ಲಿನೊಳಗಿನ ತೇವ ಬಿಸಿಲಿಗೆ ಆವಿಯಾಗಿ ಹಿಂದಿನಿಂದ ನೂಕುತ್ತದೆ. ಬಣ್ಣ ಕಾದ ಎಣ್ಣೆಗೆ ಬಿದ್ದ ಹಪ್ಪಳವಾಗಿ ಏಳುತ್ತದೆ. ಹೆಚ್ಚು ಬೆಲೆಯ ಬಣ್ಣ ತಂದರೆ ಪೊರೆ ಇನ್ನೂ ಗಟ್ಟಿ, ಏಳುವ ಹಪ್ಪಳ ಇನ್ನೂ ದೊಡ್ಡದು.

ಎದ್ದ ಚಕ್ಕೆಯೊಂದನ್ನು ಮುರಿಯದೆ ಕಿತ್ತು ಮಗುಚಿ ನೋಡಿ. ಪೇಂಟ್ ಅಂಗಡಿಯವರು ಹೇಳದ ಸಂಗತಿ ಅದರ ಬೆನ್ನಿನಲ್ಲಿರುತ್ತದೆ. ಬೆನ್ನಿಗೆ ಬಿಳಿ ಹುಡಿ ಮೆತ್ತಿದ್ದರೆ ಕೈಬಿಟ್ಟದ್ದು ಸುಣ್ಣವೋ ಸಿಮೆಂಟ್ ಪೇಂಟೋ. ಮರಳು ಹಿಡಿದಿದ್ದರೆ ಸಾರಣೆಯೇ ಸೋತಿದೆ, ಪೇಂಟರಿಗಿಂತ ಮೊದಲು ಮೇಸ್ತ್ರಿ ಬೇಕು. ನಯವಾಗಿ, ಚೊಕ್ಕಟವಾಗಿದ್ದರೆ ಹೊಳಪಿನ ಎಣ್ಣೆ ಬಣ್ಣವನ್ನು ಉಜ್ಜದೆ ಅದರ ಮೇಲೆ ಬಳಿದಿದ್ದಾರೆ. ನವಿರಾದ ಬಿಳಿ ಹರಳು ಮಿಂಚುತ್ತಿದ್ದರೆ ಉಪ್ಪು, ಹಸುರಿದ್ದರೆ ಹಿಂದಿನವರು ಪಾಚಿಯ ಮೇಲೆಯೇ ರೋಲರ್ ಓಡಿಸಿದ್ದಾರೆ. ಹಿಂದಿನವರು ಯಾರೆಂದು ಮನೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಡಿ.

ಪರೀಕ್ಷೆ

ಚಕ್ಕೆ ಏಳದ ಜಾಗಗಳೂ ಗಟ್ಟಿಯೆಂದು ನಂಬಬಾರದು. ಬ್ಲೇಡಿನಿಂದ ಬಣ್ಣದ ಮೇಲೆ ಕತ್ತರಿ ಗುರುತು ಹಾಕಿ, ಸೆಲ್ಲೋಟೇಪನ್ನು ಅದರ ಮೇಲೆ ಬಲವಾಗಿ ಒತ್ತಿ, ಸರಕ್ಕನೆ ಕೀಳಿ. ಟೇಪಿಗೆ ಬಣ್ಣ ಬಂದರೆ ಆ ಜಾಗವೂ ಪಟ್ಟಿಗೆ ಸೇರಿತು. ನಾಣ್ಯದಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟುತ್ತ ಹೋಗಿ. ಟಣ್ಣೆಂದರೆ ಸರಿ. ಡಬಡಬ ಎಂದರೆ ಸಾರಣೆ ಕಲ್ಲನ್ನು ಬಿಟ್ಟಿದೆ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯಿರಿ. ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಚ್ಚಿ ಗೋಡೆಗೆ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಬರುತ್ತಿರುವುದು ಗೋಡೆಯೊಳಗಿಂದ. ಆಗ ಕೈಯಲ್ಲಿರುವುದನ್ನೆಲ್ಲ ಕೆಳಗಿಟ್ಟು ಮುಂದಿನ ಭಾಗ ಓದಿ.

ನೀರಿನ ದಾರಿ

ಪಟ್ಟಿ ಹಿಡಿದು ಕೆರೆಯುವ ಮೊದಲು ಕೊಡೆ ಹಿಡಿದು ತಿರುಗಬೇಕು. ಹೀಗಾಗಿ ಕೆಲಸ ನಿಜಕ್ಕೂ ಶುರುವಾಗುವುದು ಹಿಂದಿನ ಜುಲೈಯಲ್ಲಿ, ಜಡಿಮಳೆ ಹಿಡಿದ ದಿನ. ನೆರೆಯವರು ಕಿಟಕಿಯಿಂದ ನೋಡಿ ಏನೋ ಕಳೆದುಕೊಂಡಿದ್ದಾರೆಂದು ತಿಳಿಯುತ್ತಾರೆ.

ಪಡು ಮತ್ತು ತೆಂಕು ಬದಿಯಿಂದ ಆರಂಭಿಸಿ. ನೈಋತ್ಯದ ಗಾಳಿ ಮಳೆಯನ್ನು ಓರೆಯಾಗಿ ತಂದು ಬಡಿಯುವುದು ಅಲ್ಲಿಗೆ. ಹಿಂದಿನವರು ಈ ಗೋಡೆಗಳಿಗೆ ಬಣ್ಣದ ಭಾಷೆಯಲ್ಲಿ ಉತ್ತರ ಕೊಡಲಿಲ್ಲ. ಹೆಂಚಿನ ಮಾಡನ್ನು ಉದ್ದಕ್ಕೆ ಇಳಿಸಿದರು, ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲಿನದೋ ಅಡಿಕೆ ಸೋಗೆಯದೋ ತಟ್ಟಿ ಕಟ್ಟಿದರು. ಈಗ ಎಲಿವೇಷನ್ ಚೆಂದ ಕಾಣಬೇಕೆಂದು ಸೂರನ್ನು ಮೋಟಾಗಿಸಿ ಕಟ್ಟಿದ ಮನೆಗಳಿವೆ. ಪತ್ರಿಕೆಯ ಚಿತ್ರದಲ್ಲಿದ್ದ ಆ ಮನೆ ರಾಜಸ್ಥಾನದಲ್ಲಿತ್ತೋ ಏನೋ. ಇಂಥ ಗೋಡೆಗೆ ಬಣ್ಣಕ್ಕಿಂತ ಮೊದಲು ಎರಡು ಅಡಿ ಶೀಟಿನ ಮಾಡು ಬೇಕು. ಇದು ನನ್ನ ಅಭಿಪ್ರಾಯವಷ್ಟೇ. ಮನೆಯ ಎಂಜಿನಿಯರಿಗೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ.

ಕಿಟಕಿಯ ಮೇಲಿನ ಸಜ್ಜವನ್ನು ಕೆಳಗಿನಿಂದ ನೋಡಿ. ಅದರ ಅಡಿಮೈಯಲ್ಲಿ, ಅಂಚಿಗೆ ಹತ್ತಿರ, ಉದ್ದಕ್ಕೆ ಕೊರೆದ ಒಂದು ಗಾಡಿ ಇದ್ದರೆ ನೀರು ಅಲ್ಲಿ ದಾಟಲಾರದೆ ಕೆಳಗೆ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ಅಡಿಮೈಗೆ ಅಂಟಿಕೊಂಡೇ ತೆವಳಿ ಗೋಡೆ ಸೇರುತ್ತದೆ. ಬೆರಳಗಲದ ಈ ಗೆರೆಯನ್ನು ಮೇಸ್ತ್ರಿ ಮರೆತಿರಬಹುದು. ಮರೆಯದೆ ಇಟ್ಟಿದ್ದರೆ ಹಿಂದಿನ ಸಲ ಬಂದ ಪೇಂಟರ್ ಫಿನಿಶಿಂಗ್ ಚೆನ್ನಾಗಿರಲಿ ಎಂದು ಅದಕ್ಕೆ ಪುಟ್ಟಿ ತುಂಬಿರಬಹುದು. ತೆರೆಯಿರಿ. ಈ ಕೈಪಿಡಿಯಲ್ಲಿ ಹೇಳಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದೂ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಇದೇ. ಆದರೆ ಮದುವೆಗೆ ಬಂದವರಲ್ಲಿ ಒಬ್ಬರೂ ಅದನ್ನು ನೋಡಿ ಹೊಗಳುವುದಿಲ್ಲ.

ತಾರಸಿಯ ಪ್ಯಾರಪೆಟ್ಟಿನ ತಲೆ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಇಳಿದ ನೀರು ಎಲ್ಲೋ ಕೆಳಗೆ ಹೊರಬರುತ್ತದೆ. ಬಾತ್‌ರೂಮಿನ ಹಿಂಗೋಡೆ ಬೇಸಗೆಯಲ್ಲೂ ಒದ್ದೆಯಿದ್ದರೆ ಪೈಪು ಸೋರುತ್ತಿದೆ, ಪ್ಲಂಬರ್ ಬೇಕು. ಗೋಡೆಯ ಬುಡದ ಎರಡು ಅಡಿಯಲ್ಲಿ ಮಾತ್ರ ಬಣ್ಣ ಎದ್ದಿದ್ದರೆ ನೆಲ ನೋಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ನೆಲ ಮೇಲೆ ಬಂದಿರುತ್ತದೆ, ಮಾಡಿನ ನೀರು ಅದರ ಮೇಲೆ ಬಿದ್ದು ಗೋಡೆಗೆ ಚಿಮ್ಮುತ್ತದೆ. ಇಲ್ಲವೇ ಅಮ್ಮ ಗೋಡೆಗೆ ತಾಗಿಸಿ ಮಣ್ಣೇರಿಸಿ ಸೇವಂತಿಗೆ ನೆಟ್ಟಿರುತ್ತಾರೆ. ಮಣ್ಣನ್ನು ಗೋಡೆಯಿಂದ ದೂರ ಸರಿಸಬೇಕು. ಅಮ್ಮನಿಗೆ ಹೇಳುವವರು ಯಾರೆಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಬಿಳಿ ನವಿರು ಕಂಡಲ್ಲಿ ಗೋಡೆ ಉಪ್ಪು ಬಿಡುತ್ತಿದೆ. ಕಲ್ಲಿನಲ್ಲೋ ಸಿಮೆಂಟಿನಲ್ಲೋ, ತೊಳೆಯದೆ ಬಳಸಿದ ಅಳಿವೆಯ ಮರಳಿನಲ್ಲೋ ಇದ್ದ ಉಪ್ಪು ನೀರಿನಲ್ಲಿ ಕರಗಿ ಹೊರಮೈಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಹರಳಾಗಿ ಉಳಿಯುತ್ತದೆ. ಮೇಲೆ ಬಣ್ಣದ ಪೊರೆ ಇದ್ದರೆ ಹರಳು ಅದರ ಹಿಂದೆ ಬೆಳೆದು ಪೊರೆಯನ್ನು ಎಬ್ಬಿಸುತ್ತದೆ. ಇದನ್ನು ಕಂಡೊಡನೆ ಪೈಪು ಹಿಡಿದು ತೊಳೆಯುವುದು ಎಲ್ಲರ ಸಹಜ ಪ್ರವೃತ್ತಿ. ಬೇಡ. ತೊಳೆದರೆ ಉಪ್ಪು ಮತ್ತೆ ಕರಗಿ ಬಂದ ದಾರಿಯಲ್ಲೇ ಒಳಗೆ ಹೋಗಿ ಕೂರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ತೆಗೆದು, ಕೆಲವು ದಿನ ಬಿಟ್ಟು ಮತ್ತೆ ಉಜ್ಜಿ. ನೀರಿನ ದಾರಿ ಮುಚ್ಚಿದ್ದರೆ ಬರಬರುತ್ತ ಕಡಿಮೆಯಾಗುತ್ತದೆ. ಮುಚ್ಚದಿದ್ದರೆ ಕಡಿಮೆಯಾಗದು, ಮತ್ತು ನೀರು ಹಿಂದಿನಿಂದ ಬರುವ ಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ನೀರು ಹೊರಗೆ ಬರಲಾರದೆ ಒಳಗೇ ಉಳಿಯುತ್ತದೆ. ನಡುಮನೆಯ ಗೋಡೆಯಲ್ಲಿ ಹೊಸ ನಕಾಶೆ ಮೂಡಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಕೆರೆಯುವುದು

ಮೇಲಿನಿಂದ ಕೆಳಗೆ ಬನ್ನಿ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಹುಡಿ ಕೆಳಗಿನ ಹೊಸ ಕೆಲಸದ ಮೇಲೆ, ಹಾಗೂ ನಿಮ್ಮ ಮೇಲೆ ಬೀಳುತ್ತದೆ.

ಪಟ್ಟಿಯನ್ನು ಎದ್ದ ಚಕ್ಕೆಯ ಅಂಚಿಗೆ ಕೊಟ್ಟು ಗೋಡೆಗೆ ಓರೆಯಾಗಿ ನೂಕಿ. ಮೊದಲ ಗಂಟೆ ಸುಖದ್ದು. ಅಂಗೈಯಗಲದ ಚಕ್ಕೆಗಳು ತಾವಾಗಿ ಕಳಚುತ್ತವೆ, ಮಕ್ಕಳು ತಮಗೂ ಬೇಕೆಂದು ಬರುತ್ತಾರೆ. (ಕೊಡಬೇಡಿ, ಕಾರಣ ಮುಂದಿದೆ.) ಎರಡನೆಯ ಗಂಟೆಯಿಂದ ಚಕ್ಕೆ ಸಣ್ಣದಾಗುತ್ತದೆ, ತೋಳು ದೊಡ್ಡದಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮನೆಯೊಳಗಿಂದ “ಇನ್ನು ಸಾಕಲ್ಲವಾ?” ಎಂಬ ದನಿ ಕೇಳುತ್ತದೆ. ಸಾಕೋ ಸಾಲದೋ ಎಂಬುದಕ್ಕೆ ಒಂದೇ ಅಳತೆಗೋಲು: ಉಳಿದ ಬಣ್ಣದ ಅಂಚಿಗೆ ಪಟ್ಟಿ ಕೊಟ್ಟು ಬಲವಾಗಿ ನೂಕಿದರೂ ಅಂಚು ಏಳಬಾರದು. ಎದ್ದರೆ ಸಾಲದು. ಏಳದಿದ್ದರೆ, ಅಲ್ಲಿ ಎಷ್ಟೇ ಹಳೆಯ ಬಣ್ಣ ಉಳಿದಿದ್ದರೂ ಬಿಡಿ. ಇಡೀ ಗೋಡೆಯನ್ನು ಕಲ್ಲು ಕಾಣುವವರೆಗೆ ಕೆರೆಯಬೇಕೆಂಬ ಹಟ ಮೂರನೆಯ ದಿನ ಕೆಲವರಿಗೆ ಬರುತ್ತದೆ. ಅದು ಗೋಡೆಯ ಅಗತ್ಯವಲ್ಲ, ಆಯಾಸದ ಲಕ್ಷಣ. ಗಟ್ಟಿಯಾಗಿ ನಿಂತ ಬಣ್ಣದ ಅಂಚನ್ನು ಉಪ್ಪು ಕಾಗದದಿಂದ ಇಳಿಜಾರಾಗಿ ಉಜ್ಜಿದರೆ ಆಯಿತು. ಇಲ್ಲವಾದರೆ ಹೊಸ ಬಣ್ಣದ ಕೆಳಗೆ ಭೂಪಟ ಕಾಣುತ್ತದೆ.

ನಾಣ್ಯಕ್ಕೆ ಡಬಡಬ ಎಂದ ಸಾರಣೆಯನ್ನು ಉಳಿಯಿಂದ ಹೊಡೆದು ಬೀಳಿಸಬೇಕು. ಗಟ್ಟಿ ಭಾಗ ಸಿಗುವವರೆಗೆ ಹೋಗಿ. ಸಾಮಾನ್ಯವಾಗಿ ಸೀಮೆಸುಣ್ಣದ ಗೆರೆ ದಾಟಿ ಹೋಗಬೇಕಾಗುತ್ತದೆ.

ಈಗ ಮಕ್ಕಳ ವಿಷಯ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರಕಾರ ಮಾಡಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ನಿಮ್ಮ ಗೋಡೆಯ ಬುಡದ ಎಣ್ಣೆ ಬಣ್ಣದ ಪಟ್ಟಿ, ಕಿಟಕಿಯ ಸರಳು, ಗೇಟು ಅದಕ್ಕಿಂತ ಹಳೆಯವಾದರೆ ಅವುಗಳಲ್ಲಿ ಎಷ್ಟಿದೆಯೆಂದು ಬರಿಗಣ್ಣಿಗೆ ತಿಳಿಯದು. ಇದೆಯೆಂದೇ ಇಟ್ಟುಕೊಳ್ಳಿ. ಅಂಥ ಕಡೆ ಒಣಗಿದ್ದಾಗ ಉಜ್ಜಬೇಡಿ, ನೀರು ಚಿಮುಕಿಸಿ ಉಜ್ಜಿ. ಬೆಂಕಿಯಿಂದ ಸುಟ್ಟು ತೆಗೆಯುವುದಂತೂ ಬೇಡವೇ ಬೇಡ. ಗೋಡೆಯ ಬುಡಕ್ಕೆ ಟಾರ್ಪಾಲು ಹಾಸಿ ಬಿದ್ದ ಚಕ್ಕೆಯನ್ನೆಲ್ಲ ಹಿಡಿಯಿರಿ. ಅದನ್ನು ಬಸಳೆ ಚಪ್ಪರದ ಬುಡಕ್ಕೆ ಸುರಿಯುವ ರೂಢಿ ಇದೆ, ಬಾವಿಕಟ್ಟೆಯ ಹಿಂದೆ ರಾಶಿ ಹಾಕುವ ರೂಢಿಯೂ ಇದೆ. ಎರಡೂ ಕಡೆಯಿಂದ ಅದು ಮತ್ತೆ ಅಡುಗೆಮನೆಗೆ ಬರುತ್ತದೆ.

ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡುಗಳನ್ನು ಪಟ್ಟಿಯಿಂದ ತೆಗೆಯಬಹುದು. ಪೇಂಟರ್‌ಗಳು ತೆಗೆಯುವುದಿಲ್ಲ, ಗೂಡಿನ ಮೇಲೆಯೇ ಬಳಿಯುತ್ತಾರೆ. ಹುಳ ಮನೆಬಣ್ಣದ ಗೂಡಿನಲ್ಲಿ ಸಂಸಾರ ಮುಂದುವರಿಸಿದ್ದನ್ನು ನೀವು ಎಲ್ಲೆಲ್ಲೂ ನೋಡಿರುತ್ತೀರಿ.

ಪಾಚಿ

ಬಡಗು ಗೋಡೆಯ ಹಸುರು, ಪ್ಯಾರಪೆಟ್ಟಿನ ಕಪ್ಪು, ಎರಡೂ ಜೀವ ಇರುವಂಥವು. ಒಣಗಿ ಕರಿದಾದ ಮೇಲೆ ಸತ್ತಿದೆಯೆಂದು ತಿಳಿಯುತ್ತೇವೆ. ಅದು ಮೊದಲ ಮಳೆಗೆ ಕಾಯುತ್ತಿರುತ್ತದೆ. ದ್ರವರೂಪದ ಬ್ಲೀಚ್ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು, ನಾರಿನ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಗೋಡೆಯ ಬುಡದ ಗಿಡಗಳಿಗೆ ಮೊದಲೇ ನೀರು ಹಾಕಿ ಮುಚ್ಚಿಡಿ.

ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ: ಇನ್ನೂ ಚೊಕ್ಕಟವಾಗಲಿ ಎಂದು ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ, ಅದು ಜೀವಕ್ಕೆ ಅಪಾಯ.

ಅಶ್ವತ್ಥ

ಸಜ್ಜದ ಮೂಲೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅಶ್ವತ್ಥವೋ ಗೋಳಿಯೋ ಎದ್ದಿರುತ್ತದೆ. ಪೇಂಟರ್ ಅದರ ಎಲೆಗಳನ್ನು ಬದಿಗೆ ಸರಿಸಿ ಬಳಿಯುತ್ತಾರೆ. ಕಡಿಯಲು ಹೇಳಿದರೆ “ನೀವೇ ಕೈ ಹಾಕಿ ಅಣ್ಣ, ನಮಗೆ ಬೇಡ” ಎನ್ನುತ್ತಾರೆ. ಮನೆಯ ಹಿರಿಯರು ಪುರೋಹಿತರನ್ನು ಕೇಳಬೇಕೆನ್ನುತ್ತಾರೆ, ಪುರೋಹಿತರು ಸಣ್ಣದಿರುವಾಗಲೇ ಕೇಳಬೇಕಿತ್ತು ಎನ್ನುತ್ತಾರೆ. ಈ ನಡುವೆ ಬೇರು ಕಲ್ಲಿನ ಸಂದಿಗೆ ಇಳಿಯುತ್ತಿರುತ್ತದೆ. ಕಾಂಡ ಮುರಿದರೆ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತದೆ. ಸಾರಣೆ ಬಿಡಿಸಿ ಬೇರನ್ನು ಆದಷ್ಟು ಆಳದಿಂದ ಎಳೆದು ತೆಗೆದು, ಸಂದಿಯನ್ನು ಗಾರೆಯಿಂದ ತುಂಬಬೇಕು. ಕಿತ್ತ ಸಸಿಯನ್ನು ದೇವಸ್ಥಾನದ ಜಾಗದಲ್ಲಿ ನೆಟ್ಟರೆ ಎಲ್ಲರಿಗೂ ಸಮಾಧಾನ.

ಬಿರುಕು, ಸಾರಣೆ, ಪುಟ್ಟಿ

ಕೂದಲೆಳೆಯ ಬಿರುಕಿಗೆ ಪ್ರೈಮರ್ ಸಾಕು. ಅದಕ್ಕಿಂತ ದೊಡ್ಡದನ್ನು ಮೊದಲು ಇನ್ನೂ ದೊಡ್ಡದು ಮಾಡಬೇಕು. ಕರಣೆಯ ಮೂಲೆಯಿಂದ ಬಾಯಿ ಅಗಲಿಸಿ, ಧೂಳು ತೆಗೆದು, ಬಿರುಕು ತುಂಬುವ ಪೇಸ್ಟನ್ನು ಒಳಗೆ ಹೋಗುವಂತೆ ಒತ್ತಿ. ಮೇಲಿನಿಂದ ಸವರಿದ್ದು ಒಳಗೆ ಹೋಗುವುದಿಲ್ಲ. ಹೊಲಿದು ಮುಚ್ಚಿದರೂ ವರ್ಷ ವರ್ಷ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುವ ಓರೆ ಬಿರುಕು ಬಣ್ಣದ ವಿಷಯವಲ್ಲ, ಪಾಯದ ವಿಷಯ. ಅದಕ್ಕೆ ಬೇರೆಯವರನ್ನು ಕರೆಯಬೇಕು.

ಹೊಸದಾಗಿ ಸಾರಣೆ ಹಾಕಿದ ಜಾಗವನ್ನು ನೀರು ಹಾಕಿ ಕ್ಯೂರಿಂಗ್ ಮಾಡಿ, ಒಟ್ಟು 28 ದಿನ ಬಿಡಿ. ಹಸಿ ಸಿಮೆಂಟಿನ ಕ್ಷಾರ ಬಲವಾದದ್ದು, ಪಿಎಚ್ 12ರ ಮೇಲಿರುತ್ತದೆ. ಆತುರದಲ್ಲಿ ಹಚ್ಚಿದ ಬಣ್ಣ ಅಲ್ಲಿ ಕಲೆಕಲೆಯಾಗಿ ಬಿಳಿಚಿಕೊಳ್ಳುತ್ತದೆ, ಎಣ್ಣೆ ಬಣ್ಣವಾದರೆ ಸಾಬೂನಾಗುತ್ತದೆ, ಅಕ್ಷರಶಃ. ಮದುವೆಯ ದಿನ ಗೊತ್ತಾದ ಮೇಲೆ ಸಾರಣೆ ಒಡೆದವರು ಈ 28ನ್ನು ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿ, ಹತ್ತಾದರೂ ನಡೆದೀತು ಎಂಬ ತೀರ್ಮಾನಕ್ಕೆ ಬರುತ್ತಾರೆ. ಸಿಮೆಂಟಿಗೆ ಕ್ಯಾಲೆಂಡರ್ ತೋರಿಸಿ ಪ್ರಯೋಜನವಿಲ್ಲ.

ಒಳಗೋಡೆಯ ಪುಟ್ಟಿ ಹೊರಗೋಡೆಗೆ ಬೇಡ. ಡಬ್ಬಿಯಲ್ಲಿ ಉಳಿದಿದೆಯೆಂಬ ಕಾರಣಕ್ಕೂ ಬೇಡ.

ಪ್ರೈಮರ್

ಕೆರೆದು ಮುಗಿದ ಗೋಡೆಯನ್ನು ತೊಳೆದು, ಒಣಗಿಸಿ, ಅಂಗೈಯಿಂದ ಒರೆಸಿ ನೋಡಿ. ಕೈಗೆ ಹುಡಿ ಹತ್ತಬಾರದು. ಹತ್ತಿದರೆ ಮತ್ತೆ ಉಜ್ಜಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಹಾಳೆ ಒಣಗಿದ್ದರೆ ಹೊರಗೋಡೆಗೆಂದೇ ಮಾಡಿದ ಪ್ರೈಮರನ್ನು ಡಬ್ಬಿಯಲ್ಲಿ ಹೇಳಿದಷ್ಟೇ ನೀರು ಹಾಕಿ ಹಚ್ಚಿಸಿ. ನೀರಿನ ಅಳತೆಯ ಹೊತ್ತಿನಲ್ಲಿ ಹತ್ತಿರ ನಿಂತಿರಿ. ನಾಲ್ಕು ಲೀಟರ್ ಪ್ರೈಮರಿನಲ್ಲಿ ಇಡೀ ಮನೆ ಮುಗಿಸಿದ ಸಾಧಕರು ಪ್ರತಿ ಊರಿನಲ್ಲೂ ಇದ್ದಾರೆ. ಉರಿಬಿಸಿಲು ಬಿದ್ದ ಗೋಡೆಗೆ ಹಚ್ಚಬೇಡಿ. ಬಿಸಿಲು ಪಡುವಣಕ್ಕೆ ತಿರುಗಿದ ಮೇಲೆ ಮೂಡು ಗೋಡೆ, ಬೆಳಗ್ಗಿನ ಹೊತ್ತು ಪಡು ಗೋಡೆ.

ಪ್ರೈಮರ್ ಬಿದ್ದ ಮನೆ ಒಂದೇ ಸಮನೆ ಬೆಳ್ಳಗೆ, ಚೆಂದವಾಗಿ ಕಾಣುತ್ತದೆ. ಅದೇ ಇದರ ಅಪಾಯ. ದಾರಿಯಲ್ಲಿ ಹೋಗುವವರು ನಿಂತು “ಹೋ, ಬಿಳಿಯೇ ಮಾಡಿದ್ರಾ? ಇದೇ ಒಳ್ಳೆದುಂಟು” ಎನ್ನುತ್ತಾರೆ. ಕೆರೆಯುವುದಕ್ಕೆ ಕೊಟ್ಟ ಸಂಬಳದ ಲೆಕ್ಕ ಮನೆಯಲ್ಲಿ ಇನ್ನೂ ಮುಗಿದಿರುವುದಿಲ್ಲವಾದ್ದರಿಂದ, ಇಷ್ಟರಲ್ಲೇ ನಿಲ್ಲಿಸಿ ಉಳಿದದ್ದು ಬರುವ ವರ್ಷ ನೋಡುವ ಎಂಬ ಸಲಹೆಯೂ ಬರುತ್ತದೆ. ಪ್ರೈಮರ್ ಬಿಸಿಲು ಮಳೆಗೆ ನಿಲ್ಲಲು ಮಾಡಿದ್ದಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದೇ ಹುಡಿಯಾಗಿ ಮೇಲಿನ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಕೆಲವು ದಿನಗಳೊಳಗೆ ಮೊದಲ ಕೋಟು ಬೀಳಬೇಕು. ಬಣ್ಣದ ಕಾರ್ಡನ್ನು ಇವತ್ತು ರಾತ್ರಿ ಊಟಕ್ಕೆ ಮುಂಚೆಯೇ ಹೊರಗೆ ತೆಗೆಯಿರಿ. ಊಟದ ಮೇಲೆ ತೆಗೆದರೆ ತೀರ್ಮಾನ ನಾಳೆಗೆ ಹೋಗುತ್ತದೆ, ಸಾರವೆಯ ಬಾಡಿಗೆ ದಿನದ ಲೆಕ್ಕದಲ್ಲಿದೆ.